ವಸತಿ, ಬಸದಿ, ವಸ್ತಿ: ಬಾಗಲಕೋಟೆ ಸೀಮೆಯಲ್ಲಿ ಒಂದು ಪದದ ಚರಿತ್ರೆ

ಸಂಸ್ಕೃತದ ‘ವಸ್’ ಧಾತುವಿಗೆ ‘ನೆಲೆಸು’ ಎಂಬ ಅರ್ಥದೊಡನೆ ‘ರಾತ್ರಿ ಕಳೆ’ ಎಂಬ ಅರ್ಥವೂ ಉಂಟು. ಅದರಿಂದ ನಿಷ್ಪನ್ನವಾದ ‘ವಸತಿ’ ಕನ್ನಡಕ್ಕೆ ಒಂದೇ ಸಲ, ಒಂದೇ ರೂಪದಲ್ಲಿ ಬಂದುದಲ್ಲ. ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟೆಗಳ ಪರಿಸರದಲ್ಲಿ ಅದು ಬಸದಿ, ವಸ್ತಿ, ಪುನರ್ವಸತಿ ಎಂಬ ಮೂರು ರೂಪಗಳಲ್ಲಿ ಬಳಕೆಯಲ್ಲಿದೆ. ಈ ಮೂರರಲ್ಲಿಯೂ ವಾಸಿಸುವವರಿಗೆ ದೊರೆಯುವ ವ್ಯಾಕರಣಸ್ಥಾನ ಬೇರೆ ಬೇರೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

‘ಬಸದಿ’ ತದ್ಭವ, ಪದಾದಿಯ ವಕಾರ ಬಕಾರವಾಗಿ, ಸ್ವರಮಧ್ಯದ ತಕಾರ ದಕಾರವಾಗಿದೆ. ಅರ್ಥವು ‘ಜೈನ ದೇವಾಲಯ’ ಎಂದು ಸಂಕೋಚಗೊಂಡಿದೆ. ಮನೆಯ ಪದ ಗುಡಿಯ ಪದವಾಗುವುದು ಈ ಸೀಮೆಗೆ ಹೊಸದಲ್ಲ. ಬಾದಾಮಿಯ ಮೂರನೆಯ ಗುಹೆಯ ಕ್ರಿ.ಶ. 578ರ ಶಾಸನ ಆ ಗುಹೆಯನ್ನು ‘ಮಹಾವಿಷ್ಣುಗೃಹ’ ಎನ್ನುತ್ತದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಮೇಗುತಿಯನ್ನು ‘ಜಿನೇಂದ್ರಭವನ’ ಎಂದು ಕರೆಯುತ್ತದೆ. ಈ ಸಮಾಸಗಳನ್ನು ಬಿಡಿಸಿದರೆ ವಾಸಿಸುವವನು ಷಷ್ಠಿಯಲ್ಲಿ ಬರುತ್ತಾನೆ: ಅವನು ಒಡೆಯ.

‘ವಸ್ತಿ’ ಆಡುಮಾತಿನ ರೂಪ. ನಡುವಣ ಅಕಾರ ಲೋಪಗೊಂಡಿದೆ. ಇದೇ ರೂಪ ನೆರೆಯ ಮರಾಠಿಯಲ್ಲಿಯೂ ಇದೆ. ಸಂಜೆ ಹಳ್ಳಿಗೆ ಬಂದು, ಅಲ್ಲಿಯೇ ತಂಗಿ, ಮುಂಜಾನೆ ಹೊರಡುವ ಬಸ್ಸು ‘ವಸ್ತಿ ಬಸ್ಸು’. ‘ನಾವು ರಾತ್ರಿ ಇಳಕಲ್ಲದಾಗ ವಸ್ತಿ ಇದ್ವಿ’ ಎಂಬಂಥ ವಾಕ್ಯದಲ್ಲಿ ವಾಸಿಸುವವರು ಪ್ರಥಮಾ ವಿಭಕ್ತಿಯಲ್ಲಿದ್ದಾರೆ. ಇದನ್ನು ‘ವಸತಿ’ಯ ಕೆಟ್ಟ ಉಚ್ಚಾರವೆಂದು ಬದಿಗೊತ್ತುವಂತಿಲ್ಲ. ಗ್ರಾಂಥಿಕ ಕನ್ನಡದ ‘ವಸತಿ’ಯಲ್ಲಿ ಮಸುಕಾದ ‘ರಾತ್ರಿ ಕಳೆ’ ಎಂಬ ಹಳೆಯ ಅರ್ಥ ಇದರಲ್ಲಿ ಉಳಿದಿದೆ.

ಮೂರನೆಯದು ಆಡಳಿತದ ಪದ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಭಾಗಗಳನ್ನು ಆವರಿಸಿತು. ಓಣಿ, ಪೇಟೆಗಳಲ್ಲಿದ್ದವರು ನವನಗರದ ಸೆಕ್ಟರುಗಳಿಗೆ ಬಂದರು. ಜನರು ಈ ಅನುಭವವನ್ನು ‘ಮುಳುಗಡೆ’ ಎನ್ನುತ್ತಾರೆ. ಕಡತ ‘ಪುನರ್ವಸತಿ’ ಎನ್ನುತ್ತದೆ. ‘ಮುಳುಗು’ ಅಕರ್ಮಕ ಧಾತು. ಮುಳುಗಿಸಿದವರ ಪ್ರಸ್ತಾಪ ಅದರಲ್ಲಿಲ್ಲ. ‘ಸಂತ್ರಸ್ತರಿಗೆ ಪುನರ್ವಸತಿ ಕಲ್ಪಿಸಲಾಗಿದೆ’ ಎಂಬಲ್ಲಿಯೂ ಕರ್ತೃ ಕಾಣೆಯಾಗಿದ್ದಾನೆ; ವಾಸಿಸುವವರು ಚತುರ್ಥಿಗೆ ಸರಿದು, ಪಡೆಯುವವರಷ್ಟೇ ಆಗಿದ್ದಾರೆ.

ಷಷ್ಠಿಯ ಒಡೆಯ, ಪ್ರಥಮೆಯ ಕರ್ತೃ, ಚತುರ್ಥಿಯ ಫಲಾನುಭವಿ ಎಂಬ ಈ ಭೇದ ಕೇವಲ ವ್ಯಾಕರಣದ್ದಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಸಮ್ಮತಿಸಿದ ಬಳಿಕ, ಇನ್ನಷ್ಟು ಊರುಗಳಿಗೆ ಇದೇ ಪದ ಅನ್ವಯವಾಗಲಿದೆ. ‘ಪುನರ್ವಸತಿ ಕಲ್ಪಿಸಲಾಗಿದೆ’ ಎಂಬುದು ನಿವೇಶನ ಹಂಚಿದ ದಿನವೇ ನಿಜವಾಗುತ್ತದೆ. ‘ಅವರು ನೆಲೆಸಿದ್ದಾರೆ’ ಎಂಬುದು ನಿಜವಾಗಲು ತಲೆಮಾರೇ ಬೇಕಾದೀತು. ನಿಘಂಟುಗಳು ‘ವಸ್ತಿ’ಗೆ ಸ್ವತಂತ್ರ ನಮೂದು ನೀಡಬೇಕು, ಆಡಳಿತ ಕನ್ನಡವನ್ನು ಅಭ್ಯಸಿಸುವವರು ಈ ಎರಡು ವಾಕ್ಯಗಳನ್ನು ಸಮಾನಾರ್ಥಕಗಳೆಂದು ಎಣಿಸಬಾರದು.