ಲೈನ್ ಕ್ಲಿಯರ್ ಮತ್ತು ಲಾಕ್: ಏಕಕಾಲದ ಕೆಲಸಗಳ ನಿರ್ವಹಣೆ ಕುರಿತು ಒಂದು ಟಿಪ್ಪಣಿ

ಹುಬ್ಬಳ್ಳಿ–ಗುಂತಕಲ್ ಮುಖ್ಯ ಮಾರ್ಗ ಕೊಪ್ಪಳದ ಮೂಲಕ ಹಾದುಹೋಗುತ್ತದೆ. ಗಿಣಿಗೇರಾದಲ್ಲಿ ಕವಲೊಡೆದ ಹಳಿಯ ಮೇಲೆ 2019ರಲ್ಲಿ ಗಂಗಾವತಿಗೆ ರೈಲು ಬಂತು. ತಳಕಲ್‌ನಲ್ಲಿ ಕವಲೊಡೆದದ್ದು ಯಲಬುರ್ಗಾ ಸೀಮೆ ದಾಟಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಸೇರಿತು. ಎರಡೂ ಒಂಟಿ ಹಳಿಯ ಕವಲುಗಳು. ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಂಗಳು ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಬಗೆಯನ್ನು ಕಲಿಯುವವರಿಗೆ, ಎರಡೂ ದಿಕ್ಕಿನ ಗಾಡಿಗಳು ಹಂಚಿಕೊಳ್ಳುವ ಒಂಟಿ ಹಳಿ ಒಳ್ಳೆಯ ಪಾಠ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇಂಥ ಕೆಲಸಗಳನ್ನು ಹೊಂದಿಸುವ ತಮ್ಮ ‘ಸೆಮಾಫೋರ್’ಗೆ ಹೆಸರು ಪಡೆದದ್ದೂ ರೈಲ್ವೆಯ ಕೈಕಂಬದ ಸಿಗ್ನಲ್‌ನಿಂದಲೇ.

ಪ್ರೊಸೆಸರ್‌ನ ಒಂದು ಕೋರ್ ಒಮ್ಮೆಗೆ ಒಂದೇ ಥ್ರೆಡ್ (ಕೆಲಸದ ಎಳೆ) ನಡೆಸುತ್ತದೆ ಎಂದುಕೊಳ್ಳೋಣ. ಟೈಮರ್ ಇಂಟರಪ್ಟ್ ಬಂದೊಡನೆ ಆಪರೇಟಿಂಗ್ ಸಿಸ್ಟಂ ಅದರ ರಿಜಿಸ್ಟರುಗಳನ್ನು ಕಾದಿಟ್ಟು ಮತ್ತೊಂದಕ್ಕೆ ಸರದಿ ಕೊಡುತ್ತದೆ. ತೊಡಕು ಹುಟ್ಟುವುದು ಹಂಚಿಕೊಂಡ ಮೆಮೊರಿಯಲ್ಲಿ. ಎಣಿಕೆ 40 ಇದ್ದಾಗ ಒಂದು ಥ್ರೆಡ್ ಅದನ್ನು ಓದಿ, 41 ಎಂದು ಬರೆಯುವ ಮುನ್ನವೇ ಸರದಿ ಕಳೆದುಕೊಂಡಿತು. ಎರಡನೆಯದೂ 40 ಓದಿ 41 ಬರೆಯಿತು. ಮೊದಲನೆಯದು ಮರಳಿ ಬಂದು ಮತ್ತೆ 41 ಎಂದೇ ಬರೆಯಿತು. ಒಂದು ಎಣಿಕೆ ಕಳೆದುಹೋಯಿತು.

ಒಂದೇ ಕೋರ್ ಇದ್ದರೆ ಕರ್ನೆಲ್ ತನ್ನ ಮಟ್ಟಿಗೆ ಇಂಟರಪ್ಟ್ ತಡೆದು ಇದನ್ನು ನಿಭಾಯಿಸಬಹುದು. ಹಲವು ಕೋರ್‌ಗಳಿದ್ದರೆ ಅದು ಸಾಲದು; ಇಂಟೆಲ್‌ನ ಬೆಂಗಳೂರು ತಂಡ ರೂಪಿಸಿ 2008ರಲ್ಲಿ ಹೊರಬಂದ ಜಿಯಾನ್ 7400ರಲ್ಲೇ ಆರು ಕೋರ್‌ಗಳಿದ್ದವು. ಆಗ ಓದುವುದನ್ನೂ ಬರೆಯುವುದನ್ನೂ ನಡುವೆ ತುಂಡಾಗದಂತೆ ಮುಗಿಸುವ ಹಾರ್ಡ್‌ವೇರ್ ಸೂಚನೆಯನ್ನೇ ಸಾಮಾನ್ಯವಾಗಿ ಬಳಸುತ್ತಾರೆ. 1964ರ ಐಬಿಎಂ ಸಿಸ್ಟಂ/360ರ ‘ಟೆಸ್ಟ್ ಅಂಡ್ ಸೆಟ್’ ಅಂಥದ್ದು. ಒಮ್ಮೆಗೆ ಒಂದೇ ಥ್ರೆಡ್‌ಗೆ ಹಿಡಿತ ಕೊಡುವ ‘ಲಾಕ್’ ಅನ್ನು ಇಂಥ ಸೂಚನೆಯಿಂದ ಕಟ್ಟುತ್ತಾರೆ.

ರೈಲ್ವೆಯ ಟೋಕನ್ ಯಂತ್ರ ಮಾಡುತ್ತಿದ್ದುದೂ ಇದನ್ನೇ. ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ತಿನಿಂದ ಬೆಸೆದಿರುತ್ತಿದ್ದವು. ಟೋಕನ್ ಆಗಿದ್ದ ಒಂದು ಗುಂಡು ಹೊರಬಂದ ಮೇಲೆ ಅದು ಯಂತ್ರಕ್ಕೆ ಮರಳುವವರೆಗೆ ಎರಡೂ ಕಡೆ ಇನ್ನೊಂದು ಹೊರಬರುತ್ತಿರಲಿಲ್ಲ. ಗುಂಡು ಕೈಗೆ ಸಿಗದೆ ಚಾಲಕ ಎರಡು ನಿಲ್ದಾಣಗಳ ನಡುವಿನ ಸೆಕ್ಷನ್‌ಗೆ ಇಳಿಯುವಂತಿರಲಿಲ್ಲ.

ಇಲ್ಲೊಂದು ಎಚ್ಚರ ಅಗತ್ಯ. ಹಳಿಯನ್ನು ಹೋಲುವುದು ಪ್ರೊಸೆಸರ್ ಅಲ್ಲ, ಲಾಕ್. ಥ್ರೆಡ್‌ನಿಂದ ಪ್ರೊಸೆಸರನ್ನು ಯಾವಾಗ ಬೇಕಾದರೂ ಕಸಿಯಬಹುದು. ಅದು ಹಿಡಿದ ಲಾಕನ್ನು ಹಾಗೆ ಕಸಿಯಲಾಗದು. ಸೆಕ್ಷನ್ ನಡುವೆ ನಿಂತ ಗಾಡಿಯಂತೆ, ಸರದಿ ಕಳೆದುಕೊಂಡ ಥ್ರೆಡ್ ಕೂಡ ಲಾಕ್ ಹಿಡಿದುಕೊಂಡೇ ಕಾಯುತ್ತದೆ.

ಆದ್ದರಿಂದ ಡಿಕ್ಕಿ ತಪ್ಪಿದ ಮಾತ್ರಕ್ಕೆ ಸಂಚಾರ ಸಾಗುತ್ತದೆಂಬ ಭರವಸೆಯಿಲ್ಲ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲೂ ಎಲ್ಲ ಹಳಿಗಳೂ ಎದುರುಬದುರು ಹೊರಡಬೇಕಾದ ಗಾಡಿಗಳಿಂದ ತುಂಬಿದರೆ ಯಾರೂ ಲೈನ್ ಕ್ಲಿಯರ್ (ಗಾಡಿ ಕಳುಹಿಸಲು ಒಪ್ಪಿಗೆ) ಕೊಡಲಾರರು. ಇದೇ ಡೆಡ್‌ಲಾಕ್. ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಇದಕ್ಕೆ ನಾಲ್ಕು ಷರತ್ತುಗಳನ್ನು ಗುರುತಿಸಿದರು: ಒಬ್ಬರಿಗಷ್ಟೇ ಹಿಡಿತ, ಹಿಡಿದುಕೊಂಡೇ ಕಾಯುವುದು, ಕಸಿಯಲಾಗದಿರುವುದು, ಕಾಯುವವರ ಸುತ್ತು. ನಾಲ್ಕರಲ್ಲಿ ಒಂದನ್ನು ಮುರಿದರೂ ಸಾಕು.

ರೈಲ್ವೆ ಈ ಎರಡು ಹೊಣೆಗಳನ್ನು ಬೇರೆ ಬೇರೆ ಕೈಗೆ ಕೊಟ್ಟಿದೆ: ಡಿಕ್ಕಿ ತಡೆಯುವುದು ಟೋಕನ್ ಯಂತ್ರದಂಥ ಬ್ಲಾಕ್ ಯಂತ್ರ, ಎದುರುಬದುರು ಗಾಡಿಗಳ ಕ್ರಾಸಿಂಗ್ ಎಲ್ಲಿ ಎಂದು ನಿರ್ಧರಿಸುವವರು ಸೆಕ್ಷನ್ ಕಂಟ್ರೋಲರ್. ಲಿನಕ್ಸ್ ಕೂಡ ಸಾಮಾನ್ಯ ಪ್ರೋಗ್ರಾಂಗಳಿಗೆ ಲಾಕ್ ಸೌಲಭ್ಯ ಕೊಡುತ್ತದೆ, ಅವುಗಳನ್ನು ಹಿಡಿಯುವ ಕ್ರಮವನ್ನು ಬರೆಯುವವರಿಗೇ ಬಿಡುತ್ತದೆ. ಕರ್ನೆಲ್‌ನೊಳಗಿನ ಕ್ರಮ ತಪ್ಪಿದರೆ ಎಚ್ಚರಿಸಲು ‘ಲಾಕ್‌ಡೆಪ್’ ಇದೆ. ತರಗತಿಯಲ್ಲಿ ಕಲಿಸುವವರು ಲಾಕ್ ಹಾಕಿದ್ದೀರಾ ಎಂದು ಕೇಳಿ ನಿಲ್ಲಿಸಬಾರದು. ಎರಡು ಲಾಕ್‌ಗಳನ್ನು ಎಲ್ಲ ಥ್ರೆಡ್‌ಗಳೂ ಒಂದೇ ಕ್ರಮದಲ್ಲಿ ಹಿಡಿಯುತ್ತವೆಯೇ ಎಂಬುದನ್ನೂ ಕೇಳಬೇಕು.