ಬೀದರ ಜಿಲ್ಲೆಯಲ್ಲಿ ಸ್ಟೇಟ್ ಕಾಂಗ್ರೆಸ್

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮ ಭಾಗದ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಸಂಚಿಕೆಯ ಸಂಪಾದಕ ಮಂಡಳಿಯವರು ಹೇಳಿದರು. ಬೀದರ ಕೋಟೆ, ಮದರಸಾ, ಬಿದ್ರಿ ಕೆಲಸದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಬೀದರ, ಭಾಲ್ಕಿ, ಔರಾದ ಕಡೆ ಕಾಂಗ್ರೆಸ್ಸು ಹ್ಯಾಂಗ ಬಂತು ಎಂಬುದನ್ನು ಬರೆದವರು ಕಡಿಮೆ. ಅದಕ್ಕೆ ಅದನ್ನೇ ಹಿಡಿದಿದ್ದೇವೆ. ಇದು ಪ್ರಚಾರವಲ್ಲ, ನಮ್ಮ ಸಂಘದಲ್ಲಿ ಎಲ್ಲ ಪಕ್ಷದವರೂ ಸದಸ್ಯರಿದ್ದಾರೆ.

ಆಗ ನಮ್ಮದು ನಿಜಾಮರ ಸಂಸ್ಥಾನ. ಸಂಸ್ಥಾನಗಳ ಒಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದು, ಅಲ್ಲಿನ ಜನರೇ ತಮ್ಮ ಸಂಘಟನೆ ಕಟ್ಟಿಕೊಳ್ಳಲಿ ಎಂದು 1938ರ ಹರಿಪುರ ಅಧಿವೇಶನ ಠರಾವು ಮಾಡಿತ್ತು. ಹಾಗಾಗಿ ನಮ್ಮವರು ಹೈದರಾಬಾದ ಸ್ಟೇಟ್ ಕಾಂಗ್ರೆಸ್ ಎಂದು ಹೆಸರಿಟ್ಟುಕೊಂಡರು. ಕೂಸು ಹುಟ್ಟುವ ಮೊದಲೇ, 1938ರ ಸೆಪ್ಟೆಂಬರದಲ್ಲಿ, ಸರ್ಕಾರ ಅದನ್ನು ನಿಷೇಧಿಸಿತು. ಅವರು ಕೇಳಿದ್ದು ನಿಜಾಮರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ, ಅಷ್ಟೇ. ಆದರೆ ಸಭೆ ಕೂಡಬೇಕಾದರೂ ಗಷ್ತಿ ನಿಶಾನ್ 53ರ ಪ್ರಕಾರ ಪರವಾನಗಿ ಬೇಕಾಗಿತ್ತು! ಆ ಅಕ್ಟೋಬರದಲ್ಲಿ ಸತ್ಯಾಗ್ರಹ ಆರಂಭವಾಗಿ ಡಿಸೆಂಬರದಲ್ಲಿ ನಿಂತಿತು. ಆರ್ಯಸಮಾಜದ ಭಾಯಿ ಶ್ಯಾಮಲಾಲರು ಅದೇ ಡಿಸೆಂಬರದಲ್ಲಿ ಬೀದರ ಜೈಲಿನಲ್ಲೇ ತೀರಿಕೊಂಡರು. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಥೆಯೂ ಅದೇ ರಾಜ್ಯದ್ದು.

ನಿಷೇಧ ತೆಗೆದದ್ದು 1946ರಲ್ಲಿ. ಸ್ವಾಮಿ ರಾಮಾನಂದ ತೀರ್ಥರು ಅಧ್ಯಕ್ಷರಾದರು. ಮರುವರ್ಷ ಆಗಸ್ಟ್ ತಿಂಗಳಲ್ಲಿ ಅವರು ಮತ್ತೆ ಜೈಲಿಗೆ ಹೋದರು. ಕಾರ್ಯಕರ್ತರು ಸೊಲ್ಲಾಪುರ ಕಡೆ ಗಡಿ ಶಿಬಿರ ಹಾಕಿದರು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಮಾಡಿದ ಕಗ್ಗೊಲೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಸೆಪ್ಟೆಂಬರ 17ರಂದು ನಿಜಾಮರು ಶರಣಾದ ಮೇಲೆ ಏನಾಯಿತು ಎಂಬುದನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳುತ್ತಾರೆ. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಮುಸಲ್ಮಾನರ ಮೇಲೆ ಹೆಚ್ಚು ಅನಾಹುತವಾದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು. ಅದರಲ್ಲಿ ಬೀದರವೂ ಒಂದು. ರಜಾಕಾರರಲ್ಲದ ಬಡಪಾಯಿಗಳೂ ಸತ್ತರು. ಎರಡೂ ನಮ್ಮ ಜಿಲ್ಲೆಯ ಇತಿಹಾಸವೇ, ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಇತಿಹಾಸವಾಗುವುದಿಲ್ಲ.

ಇದಾದ ಬರೀ ನಾಲ್ಕು ವರ್ಷಕ್ಕೆ, 1952ರ ಮೊದಲ ಚುನಾವಣೆಯಲ್ಲಿ, ಬೀದರದಿಂದ ಲೋಕಸಭೆಗೆ ಆರಿಸಿ ಹೋದವರು ಕಾಂಗ್ರೆಸ್ಸಿನ ಶೌಕತುಲ್ಲಾ ಶಾಹ ಅನ್ಸಾರಿ. ಮುಂದೆ ಅವರು ಒರಿಸ್ಸಾದ ರಾಜ್ಯಪಾಲರೂ ಆದರು. ಅಷ್ಟು ರಕ್ತ ಹರಿದ ಜಿಲ್ಲೆಯಲ್ಲಿ ಒಬ್ಬ ಮುಸಲ್ಮಾನರಿಗೆ ಎಲ್ಲರೂ ಓಟು ಹಾಕಿದ್ದು ಸಣ್ಣ ಮಾತಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಹಳೆಯ ಕೆಲಸದಲ್ಲಿ ನಾವು ದೊಡ್ಡದೆಂದು ತಿಳಿಯುವುದು ಇದನ್ನೇ. ಜಾಗೀರು ರದ್ದಾದದ್ದು 1949, ಕೌಲುದಾರರ ಕಾನೂನು ಬಂದದ್ದು 1950. ಉಳುವವನಿಗೆ ಸ್ವಲ್ಪ ಉಸಿರು ಬಂದದ್ದು ಆಗ.

1956ರ ನವೆಂಬರ 1ಕ್ಕೆ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ ಆಂಧ್ರಕ್ಕೆ. ಬೀದರ ತಾಲ್ಲೂಕಿನದೇ ಆದ ನ್ಯಾಲಕಲ್ ಸರ್ಕಲ್ಲು ಆ ಕಡೆ ಹೋಯಿತು, ಜಹೀರಾಬಾದಿನ ನಿರ್ಣಾ ಸರ್ಕಲ್ಲು ಈ ಕಡೆ ಉಳಿಯಿತು. ಭಾಲ್ಕಿ, ಔರಾದ ಮೈಸೂರಿಗೆ ಬಂದವು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುತ್ತ ಒಂದೇ ಜಿಲ್ಲೆಯಲ್ಲಿ ಕೆಲಸ ಮಾಡಿದವರು ಮೂರು ರಾಜ್ಯದ ಮೂರು ಪ್ರದೇಶ ಕಾಂಗ್ರೆಸ್ಸಿನವರಾದರು. ನಮ್ಮ ಪಾಲಿನಲ್ಲಿ ವಿಮೋಚನಾ ಹೋರಾಟದಿಂದ ಬಂದ ಭೀಮಣ್ಣ ಖಂಡ್ರೆಯವರು 1962ರಲ್ಲಿ ಭಾಲ್ಕಿಯಿಂದ ವಿಧಾನಸಭೆಗೆ ಹೋದರು. ಅದೇ ವರ್ಷ ಹುಮನಾಬಾದದ ರಾಮಚಂದ್ರ ವೀರಪ್ಪನವರು ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋದರು. 1991ರಲ್ಲಿ ಅವರೇ ಭಾಜಪದಿಂದ ಆರಿಸಿ ಬಂದರು.

ಉದಗೀರ ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ, ನಾರಾಯಣಖೇಡ ತೆಲಂಗಾಣದಲ್ಲಿದೆ. ಕಮಲನಗರ ಕಡೆಯ ರೈತರು ತೊಗರಿ, ಸೋಯಾ ಹೇರಿಕೊಂಡು ಉದಗೀರದ ಅಡತಿ ಅಂಗಡಿಗೆ ಹೋಗುವುದು ಮಾತ್ರ ನಿಂತಿಲ್ಲ.