ಬಳ್ಳಾರಿಯ ಪಾಠ: ಮಕ್ಕಳ ಮನಸ್ಸೂ ಪ್ರಾಥಮಿಕ ಆರೋಗ್ಯ ಕೇಂದ್ರವೂ

ಪೆರಂಬೂರಿಗೆ ಅನತಿ ದೂರದ ಕಿಲ್ಪಾಕಿನಲ್ಲಿ 1871ರಿಂದ ನಡೆದುಬಂದಿರುವ ಮಾನಸಿಕ ಆಸ್ಪತ್ರೆಯಿಂದಾಗಿ ಆ ಬಡಾವಣೆಯ ಹೆಸರೇ ಈ ನಗರದ ಮಾತಿನಲ್ಲಿ ಒಂದು ಪರಿಹಾಸ್ಯವಾಗಿದೆ. ಮನೋರೋಗವೆಂದರೆ ಎತ್ತರದ ಗೋಡೆಯೆಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ. ಆ ಗೋಡೆಯನ್ನು ದಾಟಿ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ದ ಪ್ರಯತ್ನದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಅದರಲ್ಲಿ ಮಕ್ಕಳಿಗೆ ದೊರೆತುದೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ತರುವಾಯ ಸಕಲವಾರ ಗ್ರಾಮದ ಕೇಂದ್ರದಲ್ಲಿ ಆ ಸಂಸ್ಥೆಯು, ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಿ ಉಪಚರಿಸಬಲ್ಲರೆ ಎಂಬುದನ್ನು ಪರೀಕ್ಷಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯು ಅದರ ಪ್ರಯೋಗಭೂಮಿಯಾಯಿತು. 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದ ಜಿಲ್ಲೆಯಿದು. ಅಲ್ಲಿ ಸಿದ್ಧವಾದ ಮಾದರಿಯು 1996ರಲ್ಲಿ ಜಿಲ್ಲಾ ಕಾರ್ಯಕ್ರಮವಾಗಿ ಮೊದಲು ಹೊರಟ ನಾಲ್ಕು ಜಿಲ್ಲೆಗಳಲ್ಲಿ ತಿರುಚ್ಚಿರಾಪಳ್ಳಿಯೂ ಒಂದೆಂಬುದನ್ನು ನಾವಿಲ್ಲಿ ನೆನೆಯಬೇಕು.

ಬಳ್ಳಾರಿಯ ತರಬೇತಿಯಲ್ಲಿ ತೀವ್ರ ಮನೋರೋಗಗಳೊಡನೆ ಮೂರ್ಛೆರೋಗವೂ ಬುದ್ಧಿಮಾಂದ್ಯವೂ ಸೇರಿದ್ದುವು. ಮಕ್ಕಳು ಈ ವ್ಯವಸ್ಥೆಯನ್ನು ಪ್ರವೇಶಿಸಿದುದು ಈ ಎರಡು ಬಾಗಿಲುಗಳಿಂದಲೇ. ಮೂರ್ಛೆ ಬರುವ ಮಗುವಿಗೆ ಅಗ್ಗದ ಮಾತ್ರೆ ಹತ್ತಿರದಲ್ಲೇ ದೊರೆಯುವುದು ಸಣ್ಣ ಸಂಗತಿಯಲ್ಲ. ಆದರೆ ಕಣ್ಣಿಗೆ ಕಾಣುವ ರೋಗಕ್ಕೆ ತೆರೆದ ಬಾಗಿಲು, ಒಳಗೇ ಕುದಿಯುವ ಭಯಕ್ಕೂ ದುಃಖಕ್ಕೂ ಅಷ್ಟಾಗಿ ತೆರೆಯಲಿಲ್ಲ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆಗೆ ಒಳಪಡಿಸಿದರೂ ಅದರ ಮುಖ್ಯ ಗಮನ ಜನ್ಮದೋಷ, ಕೊರತೆ, ರೋಗ, ಬೆಳವಣಿಗೆಯ ಕುಂಠಿತಗಳ ಮೇಲೆಯೇ. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯಾದರೋ, ಮಕ್ಕಳ ಮನೋವೈದ್ಯ ಸೇವೆಯನ್ನು ಹಕ್ಕಿನೊಳಗೆ ಸೇರಿಸಿ, ಪ್ರಾಥಮಿಕ ಚಿಕಿತ್ಸೆಯೊಡನೆ ಮನಶ್ಚಿಕಿತ್ಸೆಯನ್ನು ಬೆಸೆಯಬೇಕೆಂದು ವಿಧಿಸಿತು.

ವಿಧಿಗೂ ವಾಸ್ತವಕ್ಕೂ ನಡುವಣ ಅಂತರವನ್ನು ನಾನು ಕಂಡುದು ನೆರೆಮನೆಯಲ್ಲಿ. ಊರಿನಿಂದ ಬಂದು ಇಲ್ಲಿನ ಶಾಲೆಗೆ ಸೇರಿದ ಎಂಟು ವರ್ಷದ ಹುಡುಗನಿಗೆ ನಿತ್ಯವೂ ಬೆಳಿಗ್ಗೆ ಹೊಟ್ಟೆನೋವು. ವೈದ್ಯರು ತಮಿಳಿನಲ್ಲಿ ಕೇಳಿದರು. ತಾಯಿ ಅರೆಬರೆ ಉತ್ತರವಿತ್ತರು. ಮೂರು ಬಾರಿ ಜೀರ್ಣಕ್ಕೆ ಔಷಧ ದೊರೆಯಿತು. ಕೊನೆಗೊಂದು ರಾತ್ರಿ ಅಜ್ಜಿ, "ಯಾಕಪ್ಪಾ, ಶಾಲೇಲಿ ಯಾರಾದರೂ ಏನಾದರೂ ಅಂದರಾ?" ಎಂದಾಗ ಅವನು ಬಿಕ್ಕಿ ಬಿಕ್ಕಿ ಅತ್ತನು. ತನ್ನ ಮಾತಿಗೆ ತರಗತಿಯೆಲ್ಲ ನಗುವುದೆಂಬುದೇ ಅವನ ನೋವಾಗಿತ್ತು.

ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ; ಅವರಿಗೆ ಆ ಪ್ರಶ್ನೆಯನ್ನು ಕೇಳುವ ಭಾಷೆಯೂ ವೇಳೆಯೂ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯಲ್ಲಿ, 14416 ಸಂಖ್ಯೆಯ ಮೂಲಕ, ಕನ್ನಡದಲ್ಲಿಯೂ ಮಾತನಾಡಬಹುದು. ಅದು ಉಪಕಾರವೇ ಸರಿ. ಆದರೆ ಮಗುವಿಗೆ ಎದುರಿಗೊಂದು ಮುಖ ಬೇಕು. ನಮ್ಮ ಸಂಘದ ಸದಸ್ಯರಲ್ಲಿ ಕೆಲವರಾದರೂ ಸರದಿಯಂತೆ ಕನ್ನಡ ತಾಯಂದಿರೊಡನೆ ಆರೋಗ್ಯ ಕೇಂದ್ರಕ್ಕೆ ಹೋಗಿ ದುಭಾಷಿಗಳಾದರೆ, ಬಳ್ಳಾರಿಯಲ್ಲಿ ಆರಂಭವಾದ ಕಾರ್ಯವು ಪೆರಂಬೂರಿನಲ್ಲಿ ಒಂದು ಹೆಜ್ಜೆ ಮುಂದುವರಿದಂತಾಗುವುದು.